ದೇವೇಂದ್ರಪ್ಪನವರ ಅಂಟಿಲ್ಲದ ಉಂಡಿ

ಮಗಳು ಕಾಂಚನಾ ಚೊಚ್ಚಲ ಬಾಣಂತನಕ್ಕೆ ಬಂದಾಗಿನಿಂದ ಬೆಟಗೇರಿಯ ಗಣಿತ ಮಾಸ್ತರು ದೇವೇಂದ್ರಪ್ಪನವರು ಸ್ವಂತ ಮನೆಯಲ್ಲೇ ಪರಕೀಯರಾಗಿದ್ದರು. ಬಾಣಂತಿಯ ಖೋಲಿಗೆ ಗಂಡಸರು ಕಾಲಿಡಕೂಡದೆಂದು ಹೆಂಡತಿ ಸುನಿತಾಳ ಕಟ್ಟಪ್ಪಣೆ. ಸೊರಗಿದ ಮಗಳು ಒಳಗೆ, ತಾವು ಹೊರಗೆ ಎಂಬುದು ಅವರಿಗೆ ನಿಜಕ್ಕೂ ಸಂಕಟ. ಅವಳಿಗಾಗಿ ಏನಾದರೂ ಮಾಡಬೇಕು. ಆದರೆ ಅವರಿಗೆ ಬರುತ್ತಿದ್ದುದು ಗಣಿತವೊಂದೇ.

ಬಾಣಂತಿಗೆಂದು ಮರದ ಅಂಟು ಹುರಿದು ಹಾಕುವ ಅಂಟಿನುಂಡಿ ಕಟ್ಟುವ ದಿನ ಬಂತು. ಅಂಟಿನ ದರ ಕೇಳಿ ಸುನಿತಾ ಗೊಣಗಿದ್ದೇ ತಡ, ಮಾಸ್ತರು ಲ್ಯಾಪ್‌ಟಾಪ್ ತೆರೆದರು. ಷರತ್ತುಗಳನ್ನು ಮೀರದೆ ಅತಿ ಕಡಿಮೆ ಖರ್ಚಿನ ಮಿಶ್ರಣ ಹುಡುಕಿಕೊಡುವ ಲೀನಿಯರ್ ಪ್ರೋಗ್ರಾಮಿಂಗ್ ಅವರ ಅಚ್ಚುಮೆಚ್ಚಿನ ಪಾಠ. ಕಬ್ಬಿಣ, ಪ್ರೋಟೀನು, ಶಕ್ತಿ ಇಷ್ಟಿಷ್ಟಿರಬೇಕು, ಸಿಹಿ ಇಷ್ಟು ಮೀರಬಾರದು ಎಂದು ಷರತ್ತು ಹಾಕಿ ಎಲ್ಲ ಸಾಮಾನಿನ ದರ ತುಂಬಿದರು. ಉತ್ತರ ಬಂತು: ಪುಟಾಣಿ ಹಿಟ್ಟು, ಅಳವಿ ಬೀಜ, ಒಂದಿಷ್ಟು ಬೆಲ್ಲ. ತುಪ್ಪ, ಕೊಬ್ಬರಿ, ಉತ್ತತ್ತಿ, ಅಂಟು ಎಲ್ಲ ಸೊನ್ನೆ.

"ಅಂಟ ಇಲ್ಲಂದ್ರ ಅದು ಅಂಟಿನುಂಡಿ ಹೆಂಗ ಆಕ್ಕೈತ್ರಿ?" ಎಂದಳು ಸುನಿತಾ.

"ಹೆಸರಿನ್ಯಾಗ ಏನೈತಿ? ಸತ್ವ ಮುಖ್ಯ," ಎಂದರು ಮಾಸ್ತರು.

ಮಗಳಿಗಾಗಿ ತಾವೇ ಹುರಿದರು, ಕುಟ್ಟಿದರು, ಕಟ್ಟಲು ಕೂತರು. ಮುಷ್ಟಿಯಲ್ಲಿದ್ದಾಗ ಉಂಡಿ, ಮುಷ್ಟಿ ಬಿಚ್ಚಿದರೆ ಪುಡಿ. ಜಗತ್ತಿನ ಷರತ್ತನ್ನೆಲ್ಲ ಹಾಕಿದ್ದ ಅವರು, ಅದು ಉಂಡಿಯಾಗಿ ನಿಲ್ಲಬೇಕೆಂಬುದನ್ನೇ ಮರೆತಿದ್ದರು. ಸುನಿತಾ ತುಪ್ಪದಲ್ಲಿ ಅಂಟು ಹುರಿಯಲು ನಿಂತಳು.

ಉಳಿದದ್ದು ಡಬ್ಬಿ ತುಂಬ ಪುಡಿ. "ಖರ್ಚು ಉಳಿಬೇಕಂದ್ರ ಏನೂ ಹಾಳಾಗಬಾರದು. ಆ ಷರತ್ತೂ ಹಾಕ್ಕೋರಿ," ಎಂದ ಸುನಿತಾ ದಿನಾ ಎರಡು ಹೊತ್ತು ಬಟ್ಟಲು ತುಂಬಿ ಗಂಡನ ಮುಂದಿಟ್ಟಳು. (ಅಳವಿ ತಿಂದರೆ ಎದೆಹಾಲು ಹೆಚ್ಚುತ್ತದೆಂಬ ನಂಬಿಕೆಯನ್ನು ಮಾಸ್ತರಿಗೆ ಯಾರೂ ಹೇಳಲಿಲ್ಲ.)

ಕೂಸು ನೋಡಲು ಬಂದ ನೆರೆಮನೆಯ ಜನ್ನತಬಿ ಮಾಸ್ತರು ಚಮಚೆಯಿಂದ ಅಳವಿ ಪುಡಿ ಮುಕ್ಕುವುದನ್ನು ಕಂಡು ಬಾಗಿಲಲ್ಲೇ ನಿಂತಳು.

"ಸುನಿತಕ್ಕಾ, ಬಾಣಂತಿ ಒಳಗ ಅದಾಳೋ, ಹೊರಗೋ?"

ಖೋಲಿಯೊಳಗಿಂದ ನಗು ಕೇಳಿತು. ಹೆರಿಗೆಯಾದ ಮೇಲೆ ಕಾಂಚನಾ ಹಾಗೆ ನಕ್ಕದ್ದು ಅದೇ ಮೊದಲು.

"ಯವ್ವಾ, ಅಪ್ಪನ್ನೂ ಒಳಗ ಕರಿ," ಎಂದಳು ಅವಳು. "ಇಬ್ಬರು ಬಾಣಂತ್ಯಾರು ಒಂದ ಖೋಲ್ಯಾಗ ಇದ್ರ ನಿನಗೂ ತ್ರಾಸ ಕಡಿಮಿ."

ಬಾಗಿಲು ತೆರೆಯಿತು. ಬಟ್ಟಲು ಹಿಡಿದು ಹೊಸ್ತಿಲು ದಾಟಿದ ಮಾಸ್ತರ ಕಿವಿಗೆ ಸುನಿತಾ ಬಿಗಿಯಾಗಿ ಸ್ಕಾರ್ಫು ಕಟ್ಟಿ, ಕೆಂಡದ ಪಕ್ಕ ಕೂಡಿಸಿ, ತೊಡೆಯ ಮೇಲೆ ಮೊಮ್ಮಗನನ್ನಿಟ್ಟಳು.