ಮೂರು ಪಿನ್ನಿನ ಕೇಬಲ್‌ಗೆ, ಅವ್ವನ ಜೋಗುಳದ ವಿಷಯವಾಗಿ

ಮಖಮಲ್ಲಿನ ಚೀಲದಲ್ಲಿ ನಮ್ಮ ಮನೆಗೆ ದಯಮಾಡಿಸಿದ ಮಾನ್ಯ ಬ್ಯಾಲೆನ್ಸ್‌ಡ್ ಕೇಬಲ್‌ರವರೇ,

ಕಲಬುರಗಿಯ ಅಂಚಿನ ಶರಣಸಿರಸಗಿ ಬಡಾವಣೆಯಿಂದ ಸುಧಾಕರನ ನಮಸ್ಕಾರಗಳು. ಇಲ್ಲಿ ಬಿಸಿಲು, ಧೂಳು ಮತ್ತು ನಾನು ಕ್ಷೇಮ. ತಮ್ಮ ಮೂರೂ ಪಿನ್ನುಗಳ ಕ್ಷೇಮ ಕೋರುತ್ತೇನೆ.

ತಮಗಿಂತ ಮೊದಲು ನಮ್ಮಲ್ಲಿದ್ದದ್ದು ಕೆಂಪು-ಬಿಳಿ ಮೂತಿಯ ಸಾದಾ ಕೇಬಲ್. ಒಂದೇ ತಂತಿಯಲ್ಲಿ ಹಾಡು ಹೊತ್ತು, ದಾರಿಯಲ್ಲಿ ಸಿಕ್ಕ ಗದ್ದಲವನ್ನೂ ಸಂಗಡ ಕರೆತರುವ ಬಡಪಾಯಿ. ತಾವೋ, ಹಾಡನ್ನು ಎರಡು ತಂತಿಗಳಲ್ಲಿ ಒಂದಕ್ಕೊಂದು ತಿರುವುಮುರುವಾಗಿ ಕಳಿಸಿ, ಎರಡರಲ್ಲೂ ಒಂದೇ ರೀತಿ ಬಂದದ್ದನ್ನು ಗದ್ದಲವೆಂದು ತೀರ್ಮಾನಿಸಿ ಕಿತ್ತೆಸೆಯುವ ಪಂಡಿತರು. ನನಗೆ ಬೇಕಾಗಿದ್ದದ್ದು ಇಷ್ಟೇ: ಅವ್ವ ಶೇವಂತಾಬಾಯಿ ಕಮಲಾಪುರದ ಮನೆಯಲ್ಲಿ ಹಿಂದೊಮ್ಮೆ ತಂಗಿಯನ್ನು ತೂಗುತ್ತ ಹಾಡಿದ ಜೋಗುಳದ ಕ್ಯಾಸೆಟ್ಟು ಗುಂಯ್ ಎನ್ನದೆ ಕೇಳಬೇಕು. ಅವ್ವನ ದನಿ ಈಗ ಬಿದ್ದುಹೋಗಿದೆ. ಆ ಹಾಡು ಆ ಕ್ಯಾಸೆಟ್ಟಿನಲ್ಲಿ ಮಾತ್ರ ಉಳಿದಿದೆ. ಹಳೆಯ ಟೇಪಿನಲ್ಲಿ ತಮ್ಮ ಪಿನ್ನು ಕೂರುವ ಕಿಂಡಿ ಇಲ್ಲವೆಂದು ತಮ್ಮ ಗೌರವಾರ್ಥ ನಡುವೆ ಎರಡನ್ನೂ ಹೊಂದಿಸುವ ಒಂದು ಡಬ್ಬಿಯನ್ನೂ ಇಟ್ಟೆ. ಟೇಪಿಗೂ ಆಂಪ್ಲಿಫೈಯರಿಗೂ ಇರುವುದು ಮೊಳದಷ್ಟು ದೂರ; ಅಷ್ಟಕ್ಕೆ ತಮ್ಮಂಥ ದೂರಪ್ರಯಾಣದ ದಿಗ್ಗಜರನ್ನು ಕರೆಸಿದ್ದು ನನ್ನ ದೊಡ್ಡಸ್ತಿಕೆ.

ಗುಂಯ್ ಹೋಗಲಿಲ್ಲ. "ಉಳಿದ ಕ್ಯಾಸೆಟ್ ಗುಂಯ್ ಅನ್ನಂಗಿಲ್ಲ, ದೋಷ ವೈರಿನಾಗ ಇಲ್ರೀ" ಎಂದಳು ಹೆಂಡತಿ ವಿಜಯಶ್ರೀ. ಫೋನಿನಲ್ಲಿ ಕೇಳಿಸಿದರೆ ಅವ್ವನೂ ಅದನ್ನೇ ಹೇಳಿ, ಮುಂದೆ ಇನ್ನೇನೋ ಹೇಳಹೊರಟಳು. ಬೇಳೆಗೆ ಎಷ್ಟು ಉಪ್ಪು ಎಂಬುದರಲ್ಲೂ ಒಮ್ಮತವಿಲ್ಲದ ಅತ್ತೆ-ಸೊಸೆ ಒಂದೇ ಮಾತಾಡಿದರೆಂದ ಮೇಲೆ, ತಮ್ಮ ಸಿದ್ಧಾಂತದ ಪ್ರಕಾರ ಅದು ಗದ್ದಲವೇ ಸರಿ ಎಂದು ನಾನದನ್ನು ಕಿತ್ತೆಸೆದು ಫೋನಿಟ್ಟೆ. ತಮ್ಮ ಸಹವಾಸದಿಂದ ಬಂದ ಜಾಣತನ.

ಮೊನ್ನೆ ಅವ್ವ ಕೆಂಪು ಬಾಳೆಯ ಗೊನೆಯೊಂದಿಗೆ ಬಂದು ಸ್ಪೀಕರಿನ ಮುಂದೆ ಕೂತಳು. ಗುಂಯ್ ಶುರುವಾಗುತ್ತಲೇ ನಾನು ನಾಚಿ ತಮ್ಮ ಪಿನ್ನು ಅಲುಗಾಡಿಸಹೋದೆ. ಅವ್ವ ಕೈ ಹಿಡಿದಳು. "ಬಿಡು ತಮ್ಮಾ. ಗ್ವಾಡಿ ಆಚೀಗೆ ನಿಮ್ಮಪ್ಪ ಗಿರಣಿ ನಡಸಾಕತ್ತಾರ" ಎಂದಳು.

ಅಪ್ಪ ಹೋಗಿ, ಕಮಲಾಪುರದ ಮನೆಗೆ ಅಂಟಿಕೊಂಡಿದ್ದ ಆ ಹಿಟ್ಟಿನ ಗಿರಣಿ ಕಳಚಿ ಎಷ್ಟೋ ಕಾಲವಾಯಿತು. ಫೋಟೊ ಒಂದಿದೆ, ದನಿ ಎಲ್ಲಿಯೂ ಇಲ್ಲ. ಉಳಿದಿರುವುದು ಈ ಗುಂಯ್ ಒಂದೇ. ಅದನ್ನೇ ಹೊರಹಾಕಲು ನಾನು ತಮ್ಮ ಕಾಲು ಹಿಡಿದಿದ್ದೆ. ತಮ್ಮ ಕೈಲಾಗಲಿಲ್ಲ ಎಂಬುದಕ್ಕೆ ನಾನು ಬದುಕಿರುವವರೆಗೆ ಋಣಿ.

ಆದುದರಿಂದ ಬಿನ್ನಹ: ಮುಂದಿನ ಜನ್ಮದಲ್ಲಿ ಜೋಗುಳವನ್ನು ತುಸು ತಗ್ಗಿಸಿ ಗಿರಣಿಯನ್ನು ಜೋರು ಮಾಡುವ ಕೇಬಲ್ಲಾಗಿ ಹುಟ್ಟಿಬನ್ನಿ; ಸಾಧ್ಯವಾದರೆ, ಅಪ್ಪ ಗಿರಣಿ ನಿಲ್ಲಿಸಿ ಒಳಗೆ ಬಂದು ಒಂದು ಮಾತಾಡುವವರೆಗೆ ಆ ಕ್ಯಾಸೆಟ್ಟನ್ನು ಉದ್ದ ಮಾಡಿಕೊಡಿ.

ತಮ್ಮ ಸೋಲಿನಿಂದ ಉದ್ಧಾರವಾದ,
ತಮ್ಮ ವಿಶ್ವಾಸಿ
ಸುಧಾಕರ

ಮರೆತ ಮಾತು: ಟೇಪಿಗೆ ಹಳೆಯ ಕೆಂಪು-ಬಿಳಿ ಬಡಪಾಯಿಯೇ ಮರಳಿದೆ. ತಾವು ಸದ್ಯ ಅಡುಗೆಮನೆಯ ಕೊಕ್ಕೆಯಲ್ಲಿ ಬಾಳೆಗೊನೆ ಹೊತ್ತು ತೂಗುತ್ತಿದ್ದೀರಿ. ಇದು ಅತ್ತೆ-ಸೊಸೆಯರ ಒಮ್ಮತದ ತೀರ್ಮಾನ; ಈ ಸಲ ನಾನು ಕಿತ್ತೆಸೆಯಲಿಲ್ಲ.