ಬಿಳಿ ಹಿಡಿಕೆಯ ಚಮಚ

ಅಂಗಡಿಯ ಗಾದಿಯ ಮೇಲೆ ಕುಳಿತವನಿಗೆ, ಎದುರು ಕುಳಿತು ಸಾಮಾನು ಆರಿಸುವವರೆಲ್ಲ ಸ್ವಲ್ಪ ತಲೆ ಕೆಟ್ಟವರ ಹಾಗೆ ಕಾಣುತ್ತಾರೆ. ಇದು ನನ್ನ ಅನುಭವದ ಮಾತು. ಪ್ರಾಯದ ದಿನಗಳನ್ನೆಲ್ಲ ನಾನು ಬೆಳಗಾವಿಯ ಶಹಾಪುರದಲ್ಲಿ ಒಂದು ಸೀರೆ ಅಂಗಡಿಯ ಗಾದಿಯ ಮೇಲೆ ಕಳೆದವನು. ಹೆಣ್ಣುಮಕ್ಕಳು ಊಟ ಮುಗಿಸಿ ಬಂದು ಕೂತರೆಂದರೆ ಹೊತ್ತು ಇಳಿಯುವತನಕ ನಾನು ಸೀರೆ ಬಿಚ್ಚುತ್ತಿರಬೇಕು. "ದಡಿ ಛಲೋ ಐತಿ, ಸೆರಗು ಮನಸಿಗೆ ಬರವಲ್ದು. ಈ ದಡೀಗೆ ಆ ಸೆರಗು ಇದ್ದದ್ದು ಇಲ್ಲೇನ್ರಿ?" ಎಂದು ಕೇಳುವರು. ಕಡೆಗೆ "ನಾಳಿ ಮನಿಯವರನ್ನ ಕರಕೊಂಡು ಬರ್ತೀವ್ರಿ" ಎಂದು ಸೆರಗು ಕೊಡವಿ ಎದ್ದು ಹೋಗುವರು. ಗುಡ್ಡೆ ಬಿದ್ದ ಸೀರೆಗಳನ್ನು ಮಡಿಚುತ್ತ ನಾನು ನಮ್ಮ ಸಾವಕಾರರ ಎದುರು ಜಂಬ ಕೊಚ್ಚಿಕೊಳ್ಳುತ್ತಿದ್ದೆ. "ನಾನಾಗಿದ್ರ ಕಣ್ಣು ಮುಚ್ಚಿ ಕೈಗೆ ಸಿಕ್ಕದ್ದು ಕಟ್ಟಿಸಿಕೊಂಡು ಹೋಗತಿದ್ದೆ ನೋಡ್ರಿ" ಎನ್ನುತ್ತಿದ್ದೆ. ಸಾವಕಾರರು ಏನೂ ಅನ್ನುತ್ತಿರಲಿಲ್ಲ. ಅವರು ಮದುವೆಯಾದವರು, ನಾನು ಆಗಿರಲಿಲ್ಲ.

ಸಾವಿರದ ಒಂಬೈನೂರ ಇಪ್ಪತ್ತರ ದಶಕ ಮುಗಿಯುತ್ತ ಬಂದಾಗ ಆ ಜಂಬ ಇಳಿಯುವ ಕಾಲ ಬಂತು. ನನ್ನ ತಂಗಿ ತಾರಾಳನ್ನು ಖಾನಾಪುರಕ್ಕೆ ಕೊಟ್ಟಿತ್ತು. ಅವಳಿಗೆ ಹೆಣ್ಣುಕೂಸು ಹುಟ್ಟಿ, ಅದಕ್ಕೆ ಮೊದಲ ಅನ್ನ ಉಣಿಸುವ ಹೊತ್ತಾಗಿತ್ತು. ನಮ್ಮ ಜೈನರ ಮನೆಗಳಲ್ಲಿ, ನಮ್ಮ ಬಳಗದಲ್ಲಂತೂ, ಆ ಮೊದಲ ತುತ್ತು ಸೋದರಮಾವನದು. ಅವನೇ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಣಿಸಬೇಕು. ಬಟ್ಟಲು, ಚಮಚ ಎಲ್ಲ ತವರಿನಿಂದಲೇ ಬರಬೇಕು. ತಾರಾಳಿಗೆ ತವರು ಅಂದರೆ ಏನು? ಅಪ್ಪ ನಾವು ಚಿಕ್ಕವರಿದ್ದಾಗಲೇ ಹೋಗಿದ್ದ. ಅವ್ವ ಇವಳ ಮದುವೆ ಮಾಡಿ, ಅದಕ್ಕೇ ತಡೆದುಕೊಂಡಿದ್ದವಳ ಹಾಗೆ ಕಣ್ಣು ಮುಚ್ಚಿದಳು. ಉಳಿದದ್ದು ನಾನು ಮತ್ತು ಅಂಗಡಿಯ ಹಿಂದಿನ ನನ್ನ ಖೋಲಿ. ಆ ಖೋಲಿಗೇ ಅವಳು ಅತ್ತೆಯ ಮನೆಯಲ್ಲಿ "ನಮ್ಮ ತವರಮನಿ" ಎನ್ನುತ್ತಿದ್ದಳಂತೆ.

ಬಸದಿಯ ಉಪಾಧ್ಯೆಯವರು ಒಂದು ದಿನ ಗೊತ್ತು ಮಾಡಿದ್ದರು. ಅದು ತಪ್ಪಿದರೆ ಬಹಳ ದಿನದವರೆಗೆ ಒಳ್ಳೆಯ ದಿನವಿಲ್ಲ ಎಂದೂ ಹೇಳಿದ್ದರು. ಬೆಳಗಾವಿಯ ಸಂತೆಗೆ ಬಂದ ತಾರಾಳ ಗಂಡ ಅಂಗಡಿಗೇ ಬಂದು ಹೇಳಿದ: "ನೇಮಣ್ಣ, ಕೂಸಿಗೆ ಬರೇ ಹಾಲು ಸಾಲವಲ್ದು. ನಾವು ಉಣ್ಣೂದು ನೋಡಿ ಬಾಯಿ ಆಡಸತೈತಿ. ಆವತ್ತ ತಪ್ಪಸಬ್ಯಾಡ. ಹೊತ್ತು ಮುಳುಗೂದರಾಗ ಬಾ. ನಮ್ಮ ಅವ್ವನ ಸ್ವಭಾವ ನಿನಗ ಗೊತ್ತೈತಿ." ಗೊತ್ತಿತ್ತು. ಅವನ ಅವ್ವನನ್ನು ಊರೆಲ್ಲ ಆಯಿ ಎಂದೇ ಕರೆಯುತ್ತಿತ್ತು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಒಂದು ಅಗುಳೂ ಯಾರ ಬಾಯಿಗೂ ಹೋಗದು. ಹಾಲು ಕುಡಿಯುವ ಕೂಸಿಗೆ ಈ ನೇಮವಿಲ್ಲ, ಖರೆ. ಆದರೆ "ಬಸದಿ ನಮಸ್ಕಾರ ಮಾಡಿ ಉಣ್ಣೂ ಮೊದಲನೇ ತುತ್ತು, ಕತ್ತಲದಾಗ ಉಂಡರ ಜನ್ಮೆಲ್ಲ ಕತ್ತಲದಾಗ ಉಣ್ಣೂದ ರೂಢಿ ಆಗತೈತಿ" ಎಂಬುದು ಆಯಿಯ ನಂಬಿಕೆ. ಕೂಸು ನೆನಪಿಟ್ಟುಕೊಳ್ಳುತ್ತದೆ ಎಂದು ಅವರು ಹೇಗೆ ತಿಳಿದರೋ ಕಾಣೆ.

ಸರಿ, ಬಟ್ಟಲು ತರಲು ಹೊರಟೆ. ಶಹಾಪುರದಲ್ಲಿ ಬೆಳ್ಳಿಯ ಅಂಗಡಿಗಳಿಗೆ ಬರವೇ? ಮೊದಲ ಅಂಗಡಿಯಲ್ಲಿ ಒಂದು ಬಟ್ಟಲು ಹಿಡಿಸಿತು, ಅಂಚು ಚೂಪೆನಿಸಿತು. ಕೂಸಿನ ತುಟಿ ಕೊಯ್ದರೆ? ಇನ್ನೊಂದರ ಅಂಚು ಮಡಿಚಿತ್ತು, ಆದರೆ ತಳ ಗುಂಡಗೆ. ಕೂಸು ಒದ್ದರೆ ಉರುಳುತ್ತದೆ. ಮತ್ತೊಂದಕ್ಕೆ ತಳ ಸರಿಯಾಗಿತ್ತು, ಒಳಗೆ ಕೆತ್ತನೆಯ ಹೂ ಇತ್ತು. ಹೂವಿನ ಸಂದಿಯಲ್ಲಿ ಅನ್ನ ಮೆತ್ತಿಕೊಂಡರೆ ತಿಕ್ಕುವವರಾರು? "ಆ ಅಂಚಿಗೆ ಈ ತಳ ಇದ್ದದ್ದು ಇಲ್ಲೇನ್ರಿ?" ಎಂದು ಕೇಳಿದವನು ನಾನೇ. ಕೇಳಿದ ಮೇಲೆ ನನ್ನ ಕಿವಿಗೇ ಅದು ಬಡಿಯಿತು. ಅಕ್ಕಸಾಲಿ ಪತ್ತಾರ ನನ್ನನ್ನು ನೋಡಿದ ನೋಟವನ್ನು ನಾನು ಎಷ್ಟು ಹೆಣ್ಣುಮಕ್ಕಳ ಮೇಲೆ ಬೀರಿದ್ದೆನೋ. ದಿನಾ ಸಂಜೆ ಹೋಗಿ, ದಿನಾ "ನಾಳಿ ಬರ್ತೀನ್ರಿ" ಎಂದು ಬಂದು, ಕಡೆಗೆ ಮೊದಲು ನೋಡಿದ ಬಟ್ಟಲನ್ನೇ ಅಂಚು ಮಡಿಸಿ ಕೊಡಲು ಹೇಳಿ ತಂದೆ.

ಚಮಚ ಉಳಿಯಿತು. ಖಾನಾಪುರಕ್ಕೆ ಹೊರಡುವ ದಿನವೇ, ಮಧ್ಯಾಹ್ನದ ಗಾಡಿಗೆ ಇನ್ನೂ ಹೊತ್ತಿದೆಯಲ್ಲ ಎಂದು, ಕ್ಯಾಂಪಿನ ಕಡೆ ಕಾಲು ಹಾಕಿದೆ. ಗೋರಾ ಸಿಪಾಯಿಗಳ ಕ್ಯಾಂಪಿನಲ್ಲಿ ಆಗ ವಿಲಾಯತಿ ಸಾಮಾನಿನ ಅಂಗಡಿಗಳಿದ್ದವು. ಒಂದು ಅಂಗಡಿಯ ಗಾಜಿನ ಹಿಂದೆ ಕೂಸುಗಳ ಸಾಮಾನಿಗೇ ಒಂದು ಕಪಾಟು. ಎರಡೂ ತುದಿಗೆ ರಬ್ಬರು ಹಾಕಿದ, ದೋಣಿಯಂಥ ಗಾಜಿನ ಬಾಟಲಿ. ಮೊಲದ ಚಿತ್ರದ ಬಟ್ಟಲು. ಹಾಲುಪುಡಿಯ ಡಬ್ಬಿಯ ಮೇಲೆ ಒಂದು ದಪ್ಪ ಕೂಸಿನ ಚಿತ್ರ. ಆ ಕೂಸಿನ ಮುಂದೆ ನಮ್ಮ ಸಾವಕಾರರು ಸೊರಗಿದ ಹಾಗೆ ಕಾಣುವರು. ನಮ್ಮ ತಂಗಿಯ ಮಗಳಿಗೂ ಇಂಥ ಗಲ್ಲ ಬರಲಿ ಎಂದು ಆಸೆಯಾಯಿತು. ಒಂದೊಂದನ್ನೂ ತೆಗೆಸಿ ನೋಡಿದೆ. ಅಷ್ಟರಲ್ಲಿ ಅಂಗಡಿಯವನು ಮಕಮಲ್ಲಿನ ಡಬ್ಬಿಯಿಂದ ಒಂದು ಚಮಚ ಹೊರತೆಗೆದ. ಬಾಯಿ ಬೆಳ್ಳಿಯದು, ಪುಟ್ಟದು. ಹಿಡಿಕೆ ಹಾಲಿನಷ್ಟು ಬಿಳುಪು.

ನಾನು ಕೇಳಬೇಕಾದದ್ದನ್ನೆಲ್ಲ ಕೇಳಿದೆ. ಬಿಸಿನೀರಿಗೆ ಕಾಯುವುದೇ? ಇಲ್ಲ. ಬಣ್ಣ ಬಿಡುವುದೇ? ಇಲ್ಲ. ಬಿದ್ದರೆ ಒಡೆಯುವುದೇ? ಇಲ್ಲ. ಹಿಡಿಕೆಯನ್ನು ಎರಡು ಬೆರಳ ನಡುವೆ ಹಿಡಿದು, ನೂಲು ನೋಡುವ ಹಾಗೆ ತಿಕ್ಕಿಯೂ ನೋಡಿದೆ. ನುಣ್ಣಗಿತ್ತು. ಕಟ್ಟಿಸಿಕೊಂಡೆ. ಕಟ್ಟಿಸಿಕೊಂಡ ಮೇಲೆ ಇದಕ್ಕಿಂತ ಸಣ್ಣದು ಚೆನ್ನಿತ್ತೇನೋ ಅನಿಸಿ, ಬಿಚ್ಚಿಸಿ, ಅದನ್ನೂ ನೋಡಿ, ಮತ್ತೆ ಇದನ್ನೇ ಕಟ್ಟಿಸಿಕೊಂಡು ಸ್ಟೇಶನ್ನಿಗೆ ಓಡಿದೆ. ಗಾಡಿಯ ಹೊಗೆ ಮಾತ್ರ ಇತ್ತು.

ಖಾನಾಪುರದ ಅಂಗಳದಲ್ಲಿ ತಾರಾ ಕೂಸನ್ನು ಸಿಂಗರಿಸಿಕೊಂಡು ಬಾಗಿಲು ನೋಡುತ್ತ ನಿಂತಿರುವುದು ಕಣ್ಣೆದುರು ಬಂತು. ಓಡಿಹೋಗಿ ಖಾನಾಪುರದ ಮೋಟಾರು ಹಿಡಿದೆ. ಅದರಲ್ಲಿ ಆಗಲೇ ತುಂಬಿದ್ದ ಜನ "ಬರ್ರಿ, ಕುಂದರ್ರಿ" ಎಂದರು. ಎಲ್ಲಿ ಎಂದು ಮಾತ್ರ ಯಾರೂ ಹೇಳಲಿಲ್ಲ. ಪೀರನವಾಡಿಗೆ ಬರುವಷ್ಟರಲ್ಲಿ ಮೋಟಾರಿಗೆ ಬಾಯಾರಿತು. ಡ್ರೈವರು ಡಬ್ಬಿ ಹಿಡಿದು ಬಾವಿಗೆ ಹೋದವನು, ಅಲ್ಲಿ ಯಾರದೋ ಜೊತೆ ಮರಾಠಿಯಲ್ಲಿ ಸುಖದುಃಖ ಮಾತಾಡುತ್ತ ನಿಂತ. ನಾನು ಸೂರ್ಯನನ್ನೇ ನೋಡುತ್ತಿದ್ದೆ. ಬಾಜೂಕ್ಕೆ ಕೂತಿದ್ದ ಮುದುಕರು "ಸೂರ್ಯನ್ನ ಹಂಗ್ಯಾಕ ದಿಟ್ಟಿಸಿ ನೋಡಾಕತ್ತೀಯೋ ತಮ್ಮಾ, ಕಣ್ಣು ಹೋಗ್ತಾವು" ಎಂದರು. ಕಣ್ಣು ಹೋದರೆ ಹೋಗಲಿ, ಸೂರ್ಯ ಹೋಗದಿರಲಿ ಎಂದುಕೊಂಡೆ.

ಆ ಮನೆ ಮುಟ್ಟಿದಾಗ ಬಿಸಿಲು ಅಂಗಳ ಬಿಟ್ಟು ಗೋಡೆ ಹತ್ತಿತ್ತು. ಜಗಲಿಯ ಮೇಲೆ ಆಯಿ ಗೋಡೆಯ ಬಿಸಿಲಿನ ಮೇಲೆ ಕಣ್ಣಿಟ್ಟುಕೊಂಡು ಕುಳಿತಿದ್ದರು. ತಾರಾಳ ಕಣ್ಣು ಕೆಂಪಾಗಿದ್ದವು. ನನ್ನನ್ನು ನೋಡಿದ್ದೇ "ಬಂದ್ಯಾ ಅಣ್ಣಾ" ಅಂದಳು, ಅಷ್ಟೇ. ಕೂಸು ಮಾತ್ರ ತಲೆಗೆ ಜರಿಯ ಕುಲಾಯಿ ಹಾಕಿಕೊಂಡು, ಹಸಿವಿನಿಂದ ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು. ಕೈಕಾಲು ತೊಳೆದು ಕುಳಿತೆ. ಬೆಲ್ಲ ತುಪ್ಪ ಹಾಕಿ ನುಣ್ಣಗೆ ಹಿಸುಕಿದ ಅನ್ನ ತಂದಿಟ್ಟರು. ನಾನು ಬಲು ಗತ್ತಿನಿಂದ ಗಂಟು ಬಿಚ್ಚಿ ಬೆಳ್ಳಿಯ ಬಟ್ಟಲು ಹೊರತೆಗೆದೆ. ಬಟ್ಟಲೊಳಗಿಂದ ಚಮಚ ಎತ್ತಿ ಹಿಡಿದೆ.

ಆಯಿ ಕೈ ಚಾಚಿದರು. ಹಿಡಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಏನರದೋ ಇದು?" ಎಂದರು.

ಬೆಳಗಿನಿಂದ ನಾನು ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ. "ವಿಲಾಯತೀದ್ರಿ ಆಯಿ" ಎಂದೆ.

"ಊರು ಕೇಳಲಿಲ್ಲ. ಏನರದು ಅಂದೆ. ಇಲ್ಲಿ ಬಂದಿದ್ದ ಅಡವಿ ಖಾತೇದ ಸಾಹೇಬನ ಚಾಕುವಿಗೆ ಇಂಥಾದ್ದ ಹಿಡಿಕಿ ಇತ್ತು. ಎಲುಬಿಂದು ಅಂತ ಅವನ ಆಳು ಹೇಳಿದ್ದ."

ಸುಮ್ಮನಿರಬೇಕಾದವನು ನಾನೊಬ್ಬ ಬಾಯಿ ತೆರೆದೆ. "ಎಲುಬು ಇರಲಿಕ್ಕಿಲ್ರಿ ಆಯಿ, ಆನಿ ಹಲ್ಲು ಇದ್ದೀತು."

"ಆನಿ ಹಲ್ಲು ಗಿಡದಾಗ ಬಿಡತಾವೇನು?" ಎಂದು ಕೇಳಿ, ಚಮಚವನ್ನು ಜಗಲಿಯ ಕೆಳಗೆ ಇಟ್ಟು, ಕೈ ತೊಳೆಯಲು ಎದ್ದರು. ಹೋಗುತ್ತ "ಬಟ್ಟಲದಾಗ ಇಟಗೊಂಡು ಬಂದಾನ. ಬಟ್ಟಲಾನೂ ಬೆಂಕಿಗೆ ಹಿಡೀಬೇಕು" ಎಂದರು. ಕಣ್ಣಿಗೆ ಕಾಣದ ಹುಳ ಸತ್ತೀತೆಂದು ನೀರು ಸೋಸಿ ಕುಡಿಯುವ ಮನೆಗೆ, ಮೊದಲ ತುತ್ತಿನ ದಿನವೇ, ನಾನು ಎಲುಬು ಹಿಡಿದುಕೊಂಡು ಬಂದಿದ್ದೆ. ಒಲೆ ಹೂಡಿ, ಬಟ್ಟಲು ಕಾಸಿ, ಬೂದಿ ಹಾಕಿ ತಿಕ್ಕುವ ಹೊತ್ತಿಗೆ ಬಿಸಿಲು ನಿಲ್ಲುವಂತಿರಲಿಲ್ಲ. ಅದು ಆಗಲೇ ಮಾಡಿನ ಹಂಚಿಗೆ ಏರಿತ್ತು. ಮನೆಯ ಬಟ್ಟಲು ಆಗದು, ತವರಿನದೇ ಆಗಬೇಕು. ಕೂಸು ಅಳಲು ಶುರು ಮಾಡಿತು. ನನಗೂ ಅಳು ಬರುವಂತಿತ್ತು. ತಾರಾಳ ಕಡೆ ನೋಡುವ ಧೈರ್ಯವಾಗಲಿಲ್ಲ.

ಅವಳು ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳದ ಸಪ್ಪಳ ಕೇಳಿತು. ಬರುವಾಗ ಅವಳ ಕೈಯಲ್ಲಿ ಒಂದು ಒಳಲೆ ಇತ್ತು. ಒಳಲೆಯೆಂದರೆ, ಕೂಸಿನ ಬಾಯಿಗೆ ಹಾಲು, ಔಷಧ ಹಾಕುವ, ಮೂತಿಯುಳ್ಳ ಪುಟ್ಟ ಬಟ್ಟಲು. ನೋಡಿದ ಕೂಡಲೇ ಗುರುತು ಸಿಕ್ಕಿತು. ಅದರ ಒಂದು ಬದಿ ತಗ್ಗಾಗಿತ್ತು. ಎಳವೆಯಲ್ಲಿ ಅವ್ವ ಔಡಲೆಣ್ಣೆ ಹಾಕಲು ಬಂದಾಗ ನಾನು ಕಿತ್ತು ಕಲ್ಲಿಗೆ ಎಸೆದು ಮಾಡಿದ ತಗ್ಗು ಅದು. ಅವ್ವ ಅದನ್ನು ಯಾವತ್ತೂ ಸರಿ ಮಾಡಿಸಲಿಲ್ಲ. "ಇರಲಿ, ನೇಮಣ್ಣನ ಗುರುತು" ಎನ್ನುತ್ತಿದ್ದಳು. ತಾರಾ ಅದನ್ನು ಮದುವೆಯಲ್ಲಿ ಸೀರೆಯ ಮಡಿಕೆಯಲ್ಲಿಟ್ಟುಕೊಂಡು ತಂದಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ.

"ಇದೂ ತವರಮನೀದ ಅಲ್ಲೇನ್ರಿ ಅತ್ತಿ?" ಎಂದಳು.

ಆಯಿ ಒಳಲೆಯನ್ನು ನೋಡಿದರು, ಹಂಚನ್ನು ನೋಡಿದರು. "ಮತ್ತೇನು ನೋಡ್ಕೋತ ಕುಂತೀರಿ? ಉಣಸ್ರಿ" ಎಂದರು.

ಅನ್ನವನ್ನು ಒಳಲೆಗೆ ಹಾಕಿ ಬಾಗಿಸಿದೆ. ಒಳಲೆ ಹಾಲಿಗೆ ಮಾಡಿದ್ದು, ಅನ್ನ ಮೂತಿಯಲ್ಲೇ ನಿಂತಿತು. ಕಡೆಗೆ ಬೆರಳಿಂದಲೇ ಚೂರು ತೆಗೆದು ಕೂಸಿನ ಬಾಯಿಗಿಟ್ಟೆ. ಕೂಸು ಒಂದು ಗಳಿಗೆ ಯೋಚನೆ ಮಾಡಿ, ಗಟ್ಟಿಯಾಗಿ ಕಚ್ಚಿತು. ನಾನು "ಆಯ್" ಎಂದು ಕೈ ಕೊಡವಿದೆ. "ಬೊಚ್ಚು ಬಾಯಿ ಕೂಸಿಗೆ ಇಷ್ಟು ಹೆದರತಿ" ಎಂದು ಎಲ್ಲರೂ ನಕ್ಕರು. ನಾನು ಬೆರಳು ತೋರಿಸಿದೆ. ಆಯಿ ಕೂಸಿನ ತುಟಿ ಸರಿಸಿ ನೋಡಿದರೆ, ಕೆಳವಸಡಿನಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳಿ ಹಲ್ಲು. ಮನೆಯವರು ಯಾರೂ ನೋಡಿರಲಿಲ್ಲ. ಸಿಟ್ಟು ಬಂದರೆ ಕನ್ನಡ, ಮುದ್ದು ಬಂದರೆ ಮರಾಠಿ ಆಯಿಯದು. "ಖಾ ಗ ಬಾಳಾ, ಖಾ" ಎಂದು ಇನ್ನಷ್ಟು ತಿನ್ನಲು ಹೇಳುತ್ತ ಕೂಸಿನ ಗಲ್ಲ ಸವರಿದರು. ಕೂಸು ಇನ್ನೂ ಬೇಕೆಂದು ಬಾಯಿ ತೆರೆಯಿತು. ಹಂಚಿನ ಮೇಲಿನ ಬಿಸಿಲು ಆರುವತನಕ ಉಣಿಸಿದೆ. ತಾರಾ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಆವತ್ತು ನಾನು ನಮ್ಮ ಅವ್ವನನ್ನು ಕಂಡೆ.

ಚಮಚದ ಕಥೆ ಮುಗಿಯಲಿಲ್ಲ. ಅದನ್ನು ಕ್ಯಾಂಪಿನ ಅಂಗಡಿಗೆ ಹಿಂತಿರುಗಿಸಲು ಹೋದೆ. "ಒಮ್ಮೆ ಬಿಚ್ಚಿದ ಮಾಲು ವಾಪಸಿಲ್ಲ" ಎಂದ ಅವನು. ನಾನು ದಿನಾ ಹೇಳುತ್ತಿದ್ದ ಮಾತು ಅದು. ಆದರೆ ಅಂದಿನಿಂದ ಅಂಗಡಿಯಲ್ಲಿ ಹೆಣ್ಣುಮಕ್ಕಳು "ಆ ದಡಿ, ಈ ಸೆರಗು" ಎಂದರೆ ನಾನು ಮುಖ ಸಿಂಡರಿಸದೆ ಮೇಲಿನ ಕಪಾಟಿನದನ್ನೂ ಇಳಿಸುತ್ತಿದ್ದೆ. ಸಾವಕಾರರು ಆಗಲೂ ಏನೂ ಅನ್ನಲಿಲ್ಲ, ಮೀಸೆಯಲ್ಲೇ ನಕ್ಕರು.

ತಾರಾ ಹೋಗಿ ಬಹಳ ವರ್ಷಗಳಾದವು. ಆ ಕೂಸು, ಪದ್ಮಾ, ಈಗ ಸ್ವತಃ ಅಜ್ಜಿ, ಶಹಾಪುರದಲ್ಲೇ ಇದ್ದಾಳೆ. ಒಳಲೆ ಅವಳ ಮೊಮ್ಮಕ್ಕಳ ಬಾಯಿ ಸುತ್ತಿ ಬಂದಿದೆ. ನನ್ನ ಹಲ್ಲುಗಳು ಒಂದೊಂದಾಗಿ ಎಲ್ಲವೂ ಬಿಟ್ಟುಹೋಗಿ, ಈಚೆಗೆ ನನ್ನ ಊಟವೂ ಹಿಸುಕಿದ ಅನ್ನಕ್ಕೇ ಬಂದು ನಿಂತಿದೆ. ಮೊನ್ನೆ ಪದ್ಮಾ ಒಂದು ಪೊಟ್ಟಣ ತಂದಳು. ಒಳಗೆ ಅಗಲ ತಳದ ಸ್ಟೀಲಿನ ಬಟ್ಟಲು, ಬಿಳಿ ಹಿಡಿಕೆಯ ಚಮಚ.

"ಆರಿಸಾಕ ಬಾಳ ಹೊತ್ತಾತೇನವಾ?" ಎಂದು ಕೇಳಿದೆ.

"ಏನ್ ಆರಿಸೂದು ಮಾಮಾ, ಹೋದೆ, ತಂದೆ" ಎಂದಳು. ನಾನು ಚಮಚವನ್ನು ಎತ್ತಿ ಬೆಳಕಿಗೆ ಹಿಡಿದು, ಹಿಡಿಕೆಯನ್ನು ಎರಡು ಬೆರಳ ನಡುವೆ ತಿಕ್ಕತೊಡಗಿದೆ. ಅವಳು ಅದನ್ನು ಕಸಿದುಕೊಂಡಳು. "ಪ್ಲಾಸ್ಟಿಕ್ ಐತಿ, ಎಲುಬಲ್ಲ. ನಮ್ಮ ಅವ್ವ ನಿಮ್ಮ ಕಥಿ ಹೇಳೇ ನನ್ನ ಬೆಳಿಸ್ಯಾಳ. ಬಾಯಿ ತಗೀರಿ, ಹೊತ್ತು ಮುಳಗಾಕ ಬಂತು."

ಬಾಯಿ ತೆರೆದೆ. ಬೆಲ್ಲ, ತುಪ್ಪ, ಅದೇ ಅನ್ನ. ಚಮಚದ ತುದಿಗೆ ಉಳಿದದ್ದನ್ನು ಅವಳು ಬೆರಳಿಂದ ತೆಗೆದು ನನ್ನ ಬಾಯಿಗಿಟ್ಟಳು. ಅರವತ್ತು ವರ್ಷದ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಗಟ್ಟಿಯಾಗಿ ಕಚ್ಚಿದೆ. ಪದ್ಮಾಳಿಗೆ ಅದು ತಿಳಿಯಲೂ ಇಲ್ಲ; "ಇನ್ನೊಂಚೂರು ಉಣ್ರಿ ಮಾಮಾ" ಎಂದಳು.