ಯಾರೂ ಕುಡಿಯದ ಮನೆಯ ಕಾಫಿ

ರಾಮಕೃಷ್ಣನಗರದ ನಮ್ಮ ಬೀದಿಗೆ ನೀರು ಒಂದೊಂದು ದಿನ ತಪ್ಪುತ್ತದೆ, ನಾನೀಗ ಹೇಳುವಂಥ ಪ್ರಸಂಗಗಳು ಮಾತ್ರ ತಪ್ಪುವುದಿಲ್ಲ. ನಾನು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದು ನಿವೃತ್ತಳಾದವಳು. ಕಾನ್ವೆಂಟಿನಲ್ಲಿ ಓದಿದವಳು. ಹೊದಿಕೆಯ ಅಂಚು ಮುದುರಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಮದುವೆಯಾಗಲಿಲ್ಲ. ವಾರ್ಡಿನ ತುಂಬ ಜನರಿದ್ದುದರಿಂದ ಮನೆಯಲ್ಲಿ ಯಾರೂ ಇಲ್ಲ ಎಂಬುದು ನಿವೃತ್ತಿಯವರೆಗೆ ಗಮನಕ್ಕೇ ಬಂದಿರಲಿಲ್ಲ. ಈ ಮನೆ ಕಟ್ಟಿಸಿಕೊಂಡು ಬಂದಾಗ ನನಗಿದ್ದ ಆಸೆ ಒಂದೇ. ಸಂಜೆ ಬೀದಿಯವರು ಯಾರಾದರೂ ಬರಬೇಕು, ಕೂತು ಒಂದು ಲೋಟ ಕಾಫಿ ಕುಡಿದು ಹೋಗಬೇಕು. ನಾನು ಮಾಡುವ ಕಾಫಿ ಚೆನ್ನಾಗಿರುತ್ತದೆ. ಇದು ಜಂಬವಲ್ಲ, ವರದಿ.

ನಿಮ್ಮದು ಯಾವ ಕಡೆ

ನಾನು ಬಂದು ತಿಂಗಳಾದ ಮೇಲೆ ಎದುರು ಮನೆಯಾಕೆ ಮಾತಾಡಿಸಲು ಬಂದರು. ಅವರ ಯಜಮಾನರು ಕಾಲೇಜಿನಲ್ಲಿ ಪಾಠ ಹೇಳಿದವರು, ಬೀದಿಗೆಲ್ಲ ಮೇಷ್ಟರು. ಮೇಷ್ಟರ ಮುತ್ತಾತ ಅರಮನೆಯಲ್ಲಿದ್ದರಂತೆ. ಅದನ್ನು ಗೇಟು ತೆಗೆಯುವಾಗಲೇ ಹೇಳಿದರು.

ನಿಮ್ಮದು ಯಾವ ಕಡೆ ಎಂದರು. ಇಲವಾಲದ ಕಡೆ ಎಂದೆ. ಇಲವಾಲದಲ್ಲಿ ಎಲ್ಲಿ ಎಂದರು. ಹುಣಸೂರು ರಸ್ತೆಗೆ ಹತ್ತಿರ ಎಂದೆ. ರಸ್ತೆಯ ಈಚೆಗೋ ಆಚೆಗೋ ಎಂದರು. ತಂದೆಯ ಹೆಸರು ಕೇಳಿದರು, ಅದರಿಂದ ಏನೂ ತಿಳಿಯಲಿಲ್ಲ. ಮನೆದೇವರು ಕೇಳಿದರು, ಮನೆಯಲ್ಲಿ ದೇವರಿಲ್ಲ ಎಂದೆ. ಓದಿದ್ದೆಲ್ಲಿ ಎಂದರು, ಕಾನ್ವೆಂಟಿನಲ್ಲಿ ಎಂದೆ. ಹಾಗಾದರೆ ಕ್ರಿಶ್ಚಿಯನ್ನರಾ ಎಂದರು. ಅಲ್ಲ ಎಂದೆ. ಹೊಸ ಡಾಕ್ಟರುಗಳು ರೋಗಿಯ ಹೊಟ್ಟೆಯನ್ನು ಹೀಗೇ ಅಲ್ಲಲ್ಲಿ ಒತ್ತಿ ನೋಡುತ್ತಾರೆ, ನೋವು ಎಲ್ಲಿ ಎಂದು ನೇರವಾಗಿ ಕೇಳುವುದಿಲ್ಲ. ಅವರ ಶ್ರಮ ನೋಡಲಾರದೆ ನಾನೇ ಹೇಳಿದೆ, ‘ನಾವು ದಲಿತರು. ನಮ್ಮ ತಂದೆಯ ಕಾಲಕ್ಕೆ ಬೌದ್ಧರಾದೆವು.’

‘ಅಯ್ಯೋ, ನಮಗೆ ಅಂಥದ್ದೆಲ್ಲ ಏನೂ ಇಲ್ಲ ಕಣ್ರೀ. ಸುಮ್ನೆ ಕೇಳ್ದೆ ಅಷ್ಟೆ.’

ಅಂಥದ್ದೇನೂ ಅಲ್ಲದ ಆ ಸಂಗತಿ ಕತ್ತಲಾಗುವುದರೊಳಗೆ ಬೀದಿಯ ಕೊನೆಯ ಮನೆ ಮುಟ್ಟಿತ್ತು. ಮಾರನೆಯ ದಿನ ಇಸ್ತ್ರಿಯವನು ನನ್ನನ್ನು ಕಂಡು ಬಹಳ ಸಂತೋಷಪಟ್ಟ. ‘ನೀವು ನಮ್ಮೋರೇ ಅಂತೆ ಕಣಕ್ಕಾ, ಮೊದ್ಲೇ ಏಳ್ಬಾರ್ದಾಗಿತ್ತಾ? ಸೀರೆನ ಇನ್ನೊಸಿ ಚೆನ್ನಾಗಿ ಮಾಡ್ಕೊಟ್‌ಬುಡ್ತಿದ್ದೆ’ ಎಂದ.

ಅಲ್ಲಿಯವರೆಗೆ ಅವನು ಮಾಡಿಕೊಟ್ಟಿದ್ದ ಸೀರೆಗಳನ್ನೆಲ್ಲ ಅವತ್ತೇ ವಾಪಸು ಕಳಿಸಿದೆ.

ಸಕ್ಕರೆ ಕಾಯಿಲೆಯ ಬೀದಿ

ಬೀದಿಯವರು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಿಪಿ ನೋಡಿಸಿಕೊಳ್ಳಲು ಬಂದರು, ಇಂಜೆಕ್ಷನ್ ಹಾಕಿಸಿಕೊಳ್ಳಲು ಬಂದರು. ನಾನು ರಟ್ಟೆ ಹಿಡಿದರೆ ಯಾರಿಗೂ ಅಭ್ಯಂತರವಿಲ್ಲ. ರಟ್ಟೆ ಬಿಟ್ಟು ಕಾಫಿ ತರುತ್ತೇನೆ ಎಂದೊಡನೆ ಒಬ್ಬರಿಗೆ ಉಪವಾಸ, ಒಬ್ಬರಿಗೆ ಎದೆಯುರಿ. ಇನ್ನೊಬ್ಬರು ಹಾಲನ್ನು ಒಲೆಯ ಮೇಲಿಟ್ಟು ಬಂದಿರುತ್ತಾರೆ. ಅತಿಥಿಯನ್ನು ಎರಡು ಸಲ ಕೇಳಬೇಕು, ಮೂರನೆಯದು ಬಲವಂತ ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಎರಡು ಸಲ ಕೇಳಿ ಸುಮ್ಮನಾಗುತ್ತಿದ್ದೆ. ಟ್ರೇಯಲ್ಲಿ ಎರಡು ಲೋಟ ಇಟ್ಟಿರುತ್ತಿದ್ದೆನಲ್ಲ, ಅವರು ಹೋದ ಮೇಲೆ ಒಂದನ್ನು ಬಿಸಿಯಾಗಿಯೂ ಇನ್ನೊಂದನ್ನು ಆರಿದ ಮೇಲೂ ನಾನೇ ಕುಡಿಯುತ್ತಿದ್ದೆ.

ಮೂಲೆ ಮನೆಯ ಹೆಂಗಸು ಮಾತ್ರ ಪ್ರತಿ ಸಲವೂ ಒಂದೇ ಕಾರಣ ಹೇಳುತ್ತಿದ್ದರು, ಶುಗರ್. ಶುಗರ್ ಎಂದ ಮೇಲೆ ನಾನು ಸುಮ್ಮನಿರುವುದು ಹೇಗೆ? ಬೆರಳು ಚುಚ್ಚಿ ನೋಡಿದೆ. ಊಟಕ್ಕೆ ಮುಂಚೆ ನೋಡಿದೆ, ಊಟವಾದ ಮೇಲೂ ಕರೆಸಿ ನೋಡಿದೆ. ನಿಮಗೆ ಶುಗರ್ ಇಲ್ಲವೇ ಇಲ್ಲ, ಇನ್ನು ಧಾರಾಳವಾಗಿ ಕಾಫಿ ಕುಡಿಯಬಹುದು ಎಂದೆ.

ಕಾಯಿಲೆ ಇಲ್ಲ ಎಂದದ್ದಕ್ಕೆ ಅಷ್ಟು ಸಪ್ಪಗಾದ ರೋಗಿಯನ್ನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಗೊಂಬೆಗಳ ವಾರ್ಡು

ದಸರೆಗೆ ಎಲ್ಲರೂ ಗೊಂಬೆ ಕೂರಿಸುತ್ತಾರೆ, ನಾನೂ ಕೂರಿಸಿದೆ. ಪೂಜೆಗಲ್ಲ. ಕ್ರಿಸ್ಮಸ್ಸಿಗೆ ಏಸು ಹುಟ್ಟಿದ ಗೋದಲಿಯ ಗೊಂಬೆ ಜೋಡಿಸುವ ಕೆಲಸ ಕಾನ್ವೆಂಟಿನಲ್ಲಿ ನನ್ನದಾಗಿತ್ತು, ಆ ಅಭ್ಯಾಸ. ಮೇಲಿನ ಮೆಟ್ಟಿಲಲ್ಲಿ ಬುದ್ಧ, ಕೆಳಗಿನ ಮೆಟ್ಟಿಲುಗಳಲ್ಲಿ ಇಡೀ ಒಂದು ಆಸ್ಪತ್ರೆ. ಬೆಂಕಿಪೆಟ್ಟಿಗೆಯ ಮಂಚಗಳು, ಬಿಳಿ ಟೋಪಿಯ ನರ್ಸುಗಳು, ಎಲ್ಲ ದಿಂಬುಗಳೂ ಒಂದೇ ಗೆರೆಯಲ್ಲಿ. ಚನ್ನಪಟ್ಟಣದ ಒಬ್ಬ ಸಿಪಾಯಿಯನ್ನು ಕಾಲು ಮುರಿದಿದ್ದಕ್ಕೆ ಅಡ್ಮಿಟ್ ಮಾಡಿಕೊಂಡಿದ್ದೆ.

ಮಕ್ಕಳು ತಾಯಂದಿರ ಜೊತೆ ಗುಂಪಾಗಿ ಬಂದರು. ಗೊಂಬೆ ನೋಡಲು ಬಂದ ಮಕ್ಕಳಿಗೆ ತಿಂಡಿ ಕೊಡುವುದು ಮೈಸೂರಿನ ಪದ್ಧತಿ, ಬೇಡ ಎನ್ನುವಂತಿಲ್ಲ. ಚಕ್ಕುಲಿ, ಕೋಡುಬಳೆಗಳ ಪೊಟ್ಟಣ ಕೊಟ್ಟೆ. ಎಲ್ಲರೂ ತೆಗೆದುಕೊಂಡರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅವರು ತಿರುಗಿ ಹೋಗುವುದನ್ನು ನೋಡಲು ಮಹಡಿ ಹತ್ತಿ ನಿಂತೆ. ತಿರುವಿನಲ್ಲಿ ತಾಯಂದಿರು ಮಕ್ಕಳ ಕೈಯಿಂದ ಪೊಟ್ಟಣ ತೆಗೆದು ಬೀದಿನಾಯಿಗೆ ಹಾಕುತ್ತಿದ್ದರು. ನಾಯಿ ಸಾಲಾಗಿ ಒಂದೊಂದನ್ನೇ ಮುಗಿಸುತ್ತಿತ್ತು. ಅದಕ್ಕೂ ಪಾಪ, ಅಷ್ಟು ಜನ ಒಟ್ಟಿಗೆ ಬಡಿಸಿದ್ದು ಅದೇ ಮೊದಲಿರಬೇಕು.

ಮರುದಿನದಿಂದ ಚಕ್ಕುಲಿ ನಿಲ್ಲಿಸಿ ಬೇಯಿಸಿದ ಕಡಲೆಕಾಳು ಕೊಟ್ಟೆ. ನಾಯಿಗೆ ಕರಿದದ್ದು ಒಳ್ಳೆಯದಲ್ಲ.

ಹಿತ್ತಲ ಬಾಗಿಲು

ಒಂದು ಸಂಜೆ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಎದುರು ಮನೆಯ ಮೇಷ್ಟರು. ಬಿಪಿ ನೋಡಬೇಕು ಎಂದರು. ನೋಡಿದೆ, ಸರಿಯಾಗಿತ್ತು. ಆದರೂ ಏಳಲಿಲ್ಲ. ಅಡುಗೆಮನೆಯ ಕಡೆ ಮೂಗು ತಿರುಗಿಸಿ ಕೂತರು. ಆಮೇಲೆ ಬಾಯಿಬಿಟ್ಟರು. ದಿನಕ್ಕೆ ಒಂದು ಲೋಟ ಕಾಫಿ ಕುಡಿಯಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಹೆಂಡತಿ ಆ ಒಂದನ್ನೂ ನಿಲ್ಲಿಸಿಬಿಟ್ಟಿದ್ದರು. ಸಾಲದ್ದಕ್ಕೆ ಬೀದಿಯ ಮನೆಮನೆಗೂ ಹೋಗಿ, ನಮ್ಮವರು ಬಂದು ಕೇಳಿದರೆ ಕಾಫಿ ಕೊಡಬೇಡಿ ಎಂದು ಹೇಳಿ ಬಂದಿದ್ದರು.

‘ನಿಮ್ಮನೆಗೆ ಮಾತ್ರ ಹೇಳಿಲ್ಲ ಮೇಡಂ. ಹೇಳೋ ಅಗತ್ಯ ಇದೆ ಅಂತ ಅವಳಿಗೆ ಅನ್ನಿಸ್ಲೇ ಇಲ್ಲ.’

ಡಾಕ್ಟರ ಮಾತು ಮೀರುವುದು ನನ್ನಿಂದಾಗದು, ಪಾಲಿಸಬಹುದು. ಒಂದು ಲೋಟ ಕೊಟ್ಟೆ. ಕಣ್ಣು ಮುಚ್ಚಿಕೊಂಡು ಕುಡಿದರು. ಹೋಗುವಾಗ ಎರಡು ಏಲಕ್ಕಿ ಬಾಯಿಗೆ ಹಾಕಿಕೊಂಡರು. ಆಮೇಲೆ ದಿನಾ ಬರತೊಡಗಿದರು. ಪಾಠ ಹೇಳಿದ ಬಾಯಿ, ಮಾತು ಸೊಗಸು. ಮಾತಿನ ಮಧ್ಯೆ ನಾನು ನಕ್ಕರೆ ಆ ಸದ್ದು ನನಗೇ ಹೊಸದಾಗಿ ಕೇಳಿಸುತ್ತಿತ್ತು. ಬೆಳಿಗ್ಗೆ ಹಾಲಿನ ಬೂತಿನಲ್ಲಿ ಎದುರಾದರೆ ಮಾತ್ರ, ಯಾರೋ ಹೊಸಬರನ್ನು ನೋಡಿದಂತೆ ನೋಡುತ್ತಿದ್ದರು.

ನಮ್ಮ ತಂದೆ ಇಂಥವರ ಮನೆಗಳಿಗೆ ಜೀವಮಾನವಿಡೀ ಹಿತ್ತಲ ಬಾಗಿಲಿನಿಂದಲೇ ಹೋಗಿ ಬಂದವರು. ಈಗ ಇಂಥವರೊಬ್ಬರು ನಮ್ಮ ಮನೆಗೆ ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು. ಇದನ್ನು ಪ್ರಗತಿ ಎನ್ನಬೇಕೋ ಏನೋ, ತಂದೆಯನ್ನು ಕೇಳೋಣವೆಂದರೆ ಅವರಿಲ್ಲ.

ತುಂಬಿದ ಮನೆ

ಹೀಗೆ ಒಂದು ದಿನ ಮೇಷ್ಟರು ಅಡುಗೆಮನೆಯ ಕಟ್ಟೆಗೆ ಒರಗಿ ಮೊದಲ ಗುಟುಕು ಕುಡಿದಿದ್ದರು. ಮುಂದಿನ ಗೇಟಿನ ಸದ್ದಾಯಿತು. ಅವರ ಹೆಂಡತಿ. ಹಿತ್ತಲ ಬಾಗಿಲಿನ ಚಿಲಕ ಎಳೆದರೆ ಇಡೀ ಮನೆಗೆ ಕೇಳಿಸುತ್ತದೆ. ಮೇಷ್ಟರು ಲೋಟ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿನ ಹಿಂದೆ ನಿಂತರು.

ಆಕೆ ಹಾಲ್‌ನಲ್ಲಿ ಕೂತು ಹಣೆ ಒತ್ತಿಕೊಂಡರು. ತಲೆನೋವು ಎಂದರು. ಮಾತ್ರೆ ಕೊಡಲೇ ಎಂದೆ. ಬೇಡ ಎಂದು ತಲೆಯಾಡಿಸಿ, ಬೀದಿ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. ‘ಒಂದ್ಲೋಟ ಕಾಫಿ ಸಿಗುತ್ತಾ ಕಣ್ರೀ?’

ನಾನು ಕೇಳದೆ, ಅವರೇ ಕೇಳಿದ್ದರು. ಗಂಡನಿಗೆ ನಿಲ್ಲಿಸಿದ ಮೇಲೆ ಮನೆಯಲ್ಲಿ ಡಿಕಾಕ್ಷನ್ ಇಳಿಸುವ ಹಾಗಿಲ್ಲ, ಪರಿಮಳ ಹೊಡೆಯುತ್ತದೆ. ಬೀದಿಯಲ್ಲೆಲ್ಲ ಅಷ್ಟು ಕಟ್ಟುನಿಟ್ಟಾಗಿ ಹೇಳಿ ಬಂದ ಮೇಲೆ ಬೇರೆಯವರ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಕೇಳುವುದು ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು.

‘ನಮ್ಮನೆಯವರಿಗೆ ಮಾತ್ರ ಗೊತ್ತಾಗ್ಬಾರ್ದು. ನನಗೇನೂ ಇಲ್ಲ, ಅವ್ರಿಗೆ ಮಡಿ ಜಾಸ್ತಿ.’

ಮಡಿ ಜಾಸ್ತಿ ಇದ್ದವರು ಬಾಗಿಲ ಹಿಂದೆ ನನ್ನ ಲೋಟವನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ನಾನು ಒಳಗೆ ಹೋಗಿ ಹಾಲು ಬಿಸಿಗಿಟ್ಟೆ. ಒಂದು ಮಾತು, ಒಂದೇ ಮಾತು ಗಟ್ಟಿಯಾಗಿ ಆಡಿದ್ದರೆ ಸಾಕಿತ್ತು. ವಾರ್ಡಿನಲ್ಲಾಗಿದ್ದರೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೇಳುತ್ತಿದ್ದೆ. ಆದರೆ ಕೇಳಿದ ಮಾರನೆಯ ದಿನ ಇಬ್ಬರೂ ಬರುವುದಿಲ್ಲ. ಡಿಕಾಕ್ಷನ್ ಬಗ್ಗಿಸಿದೆ. ಮೇಷ್ಟರು ಕತ್ತು ಮುಂದೆ ಚಾಚಿ, ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು.

‘ಇನ್ನೊಂಚೂರು ಹಾಕಿ. ಅವಳಿಗೆ ಸ್ಟ್ರಾಂಗ್ ಇಷ್ಟ.’

ಹಾಕಿದೆ. ಆಕೆ ನಿಧಾನವಾಗಿ ಕುಡಿದರು, ತಲೆನೋವು ಇಳಿಯಿತು ಎಂದರು, ಸೊಸೆಯ ವಿಷಯ ತೆಗೆದರು. ಬೇಗ ಏಳಲಿಲ್ಲ. ಒಳಗೆ ಮೇಷ್ಟರು ಕಾಲು ಬದಲಾಯಿಸುತ್ತ ನಿಂತರು. ನಾನು ಇನ್ನೊಂದು ಲೋಟ ತರಲೇ ಎಂದು ಎರಡು ಸಲ ಕೇಳಿದೆ. ಮೂರನೆಯ ಸಲವೂ ಕೇಳಿದೆ.

ಅವತ್ತು ಮನೆ ತುಂಬಿತ್ತು. ಗಂಡ ಅಡುಗೆಮನೆಯಲ್ಲಿ, ಹೆಂಡತಿ ಹಾಲ್‌ನಲ್ಲಿ, ನಡುವೆ ಟ್ರೇ ಹಿಡಿದು ಓಡಾಡುತ್ತ ನಾನು. ಬೀದಿಯಲ್ಲಿ ಬೇಕಾದರೆ ವಿಚಾರಿಸಿ ನೋಡಿ, ಆ ಸಂಜೆ ನಮ್ಮ ಮನೆಗೆ ಯಾರೂ ಬಂದಿರಲಿಲ್ಲ.